ಪ್ರೇಕ್ಷಕನೂ ಚರಿತ್ರೆಯೂ: ‘ತುಘಲಕ್’ ನಾಟಕವು ಪಡೆದ ಪ್ರತಿಕ್ರಿಯೆಗಳನ್ನು ಕುರಿತು

೧

ನಮ್ಮಲ್ಲಿ ನಾಟಕವಿಮರ್ಶೆಯೆಂಬುದು ಬಹುಮಟ್ಟಿಗೆ ನಾಟಕಗ್ರಂಥದ ವಿಮರ್ಶೆಯಾಗಿಯೇ ನಡೆದುಬಂದಿದೆ. ಕೃತಿಯ ವಸ್ತುವೇನು, ಪಾತ್ರಪೋಷಣೆ ಹೇಗಿದೆ, ಸಂವಿಧಾನದಲ್ಲಿ ಬಿಗಿಯುಂಟೆ ಎಂಬ ಪ್ರಶ್ನೆಗಳನ್ನು ಪಂಡಿತರು ಸಾಕಷ್ಟು ಚರ್ಚಿಸಿದ್ದಾರೆ. ಆದರೆ ರಂಗಮಂದಿರದಲ್ಲಿ ಕುಳಿತ ಪ್ರೇಕ್ಷಕನು ಎಲ್ಲಿ ನಕ್ಕನು, ಎಲ್ಲಿ ಮೌನ ತಾಳಿದನು, ಏನನ್ನು ಹೇಳಿಕೊಳ್ಳುತ್ತ ಮನೆಗೆ ಹಿಂದಿರುಗಿದನು ಎಂಬ ಸಂಗತಿಗಳು ಲಿಖಿತರೂಪಕ್ಕೆ ಬರುವುದು ವಿರಳ. ಚರಿತ್ರೆಯ ಅಧ್ಯಾಪಕರಾದ ನಮಗೆ ಈ ಕೊರತೆ ವಿಶೇಷವಾಗಿ ಕಾಣುತ್ತದೆ. ಏಕೆಂದರೆ ಐತಿಹಾಸಿಕ ನಾಟಕವೊಂದಕ್ಕೆ ಜನರು ತೋರಿದ ಪ್ರತಿಕ್ರಿಯೆಯು ಆ ಜನರ ಕಾಲವನ್ನು ಕುರಿತ ಒಂದು ಆಧಾರವೇ ಸರಿ. ಶಾಸನವನ್ನೂ ನಾಣ್ಯವನ್ನೂ ಪರೀಕ್ಷಿಸುವ ಎಚ್ಚರದಿಂದಲೇ ಅದನ್ನೂ ಪರೀಕ್ಷಿಸಬೇಕಾಗುತ್ತದೆ.

ಪ್ರೇಕ್ಷಕನ ಪ್ರತಿಕ್ರಿಯೆಯನ್ನು ಶಾಸ್ತ್ರದ ವಿಷಯವಾಗಿ ಎಣಿಸುವುದು ಈಚಿನ ಪದ್ಧತಿಯೆಂದು ಯಾರೂ ತಿಳಿಯಬೇಕಾದುದಿಲ್ಲ. ಭರತನು ನಾಟ್ಯಶಾಸ್ತ್ರದ ೨೭ನೆಯ ಅಧ್ಯಾಯವನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದಾನೆ. ಪ್ರಯೋಗದ ಸಿದ್ಧಿಯನ್ನು ಅವನು ಮಾನುಷಿ, ದೈವಿಕಿ ಎಂದು ಎರಡಾಗಿ ವಿಂಗಡಿಸುತ್ತಾನೆ. ಮುಗುಳ್ನಗೆ, ಅರೆನಗೆ, ಗಟ್ಟಿನಗೆ, ‘ಸಾಧು’ ಎಂಬ ಮೆಚ್ಚುಗೆ, ‘ಅಹೋ’ ಎಂಬ ಬೆರಗು, ‘ಕಷ್ಟಂ’ ಎಂಬ ಮರುಕ ಮೊದಲಾದುವು ವಾಕ್ಕಿನಿಂದ ತೋರುವ ಮಾನುಷಸಿದ್ಧಿಗಳು. ರೋಮಾಂಚ, ಆಸನದಿಂದ ಮೇಲೇಳುವುದು, ಬಟ್ಟೆಯನ್ನು ಬಹುಮಾನವಾಗಿ ಕೊಡುವುದು ಮೊದಲಾದುವು ಶರೀರದಿಂದ ತೋರುವಂಥವು. ರಂಗವು ತುಂಬಿದ್ದು, ಸದ್ದಾಗಲಿ ಕ್ಷೋಭೆಯಾಗಲಿ ಉತ್ಪಾತವಾಗಲಿ ಇಲ್ಲದಿದ್ದರೆ ಅದು ದೈವಿಕಸಿದ್ಧಿ. ಇಷ್ಟಕ್ಕೆ ನಿಲ್ಲದೆ, ಪ್ರಯೋಗದಲ್ಲಿ ವಿವಾದವೆದ್ದಾಗ ತೀರ್ಪು ಹೇಳತಕ್ಕ ಪ್ರಾಶ್ನಿಕರನ್ನೂ ಅವನು ಹೆಸರಿಸುತ್ತಾನೆ. ಯಜ್ಞವಿದ, ನರ್ತಕ, ಛಂದೋವಿದ, ಶಬ್ದವಿದ, ರಾಜ, ಅಸ್ತ್ರವಿದ, ಚಿತ್ರವಿದ, ವೇಶ್ಯೆ, ಗಾಂಧರ್ವ, ರಾಜಸೇವಕ ಎಂಬ ಈ ಹತ್ತು ಮಂದಿ ತಮತಮಗೆ ತಿಳಿದ ಅಂಶವನ್ನು ಕುರಿತು ಮಾತ್ರ ತೀರ್ಪು ಕೊಡತಕ್ಕವರು. ಇವರ ನಡುವೆ ಇತಿಹಾಸಕಾರನಿಗೆ ಪ್ರತ್ಯೇಕವಾದ ಆಸನವಿಲ್ಲ. ಇದನ್ನು ನಾವು ದೂರಾಗಿ ಹೇಳುತ್ತಿಲ್ಲ. ಈ ಲೇಖನದ ಕೊನೆಯಲ್ಲಿ ಅದರ ಔಚಿತ್ಯವು ತಾನಾಗಿಯೇ ತೋರಿಬರಬಹುದು.

೨

ನಾವು ಇಲ್ಲಿ ಪರಿಶೀಲಿಸಲು ಆರಿಸಿಕೊಂಡಿರುವುದು ಗಿರೀಶ ಕಾರ್ನಾಡರ (೧೯೩೮–೨೦೧೯) ‘ತುಘಲಕ್’ ನಾಟಕ. ಇದು ೧೯೬೪ರಲ್ಲಿ ಪ್ರಕಟವಾಯಿತು. ‘ಯಯಾತಿ’ಯ (೧೯೬೧) ಅನಂತರ ಕಾರ್ನಾಡರು ಚರಿತ್ರೆಯ ಕಡೆಗೆ ತಿರುಗಿದುದಕ್ಕೆ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಮಾತೊಂದು ಕಾರಣವಾಯಿತೆಂಬುದನ್ನೂ, ಈಶ್ವರಿ ಪ್ರಸಾದರ ಇತಿಹಾಸಗ್ರಂಥವನ್ನು ಓದುವಾಗ ಈ ಸುಲ್ತಾನನ ಚರಿತ್ರೆ ತಮ್ಮನ್ನು ಸೆಳೆಯಿತೆಂಬುದನ್ನೂ ಅವರೇ ಹೇಳಿಕೊಂಡಿದ್ದಾರೆ.

ಕಾರ್ನಾಡರನ್ನು ದೂರದರ್ಶನದ ನಟರೆಂದು ಕರೆದರೆ ಸಾಹಿತ್ಯದ ಅಧ್ಯಾಪಕರು ಹುಬ್ಬು ಗಂಟಿಕ್ಕಿಯಾರು. ಆದರೆ ಪ್ರೇಕ್ಷಕನ ದೃಷ್ಟಿಯಿಂದ ನೋಡುವಾಗ ಈ ಸಂಗತಿಯನ್ನು ಬಿಡಲಾಗದು. ನಾಟಕವು ಅಚ್ಚಾದಾಗ ಕನ್ನಡನಾಡಿನ ಮನೆಗಳಲ್ಲಿ ದೂರದರ್ಶನವೇ ಇರಲಿಲ್ಲ. ದೆಹಲಿಯಲ್ಲಿ ೧೯೫೯ರ ಸೆಪ್ಟೆಂಬರಿನಲ್ಲಿ ಪ್ರಯೋಗಾರ್ಥವಾಗಿ ಆರಂಭವಾಗಿದ್ದ ಪ್ರಸಾರವೊಂದೇ ಆಗ ದೇಶದಲ್ಲಿದ್ದುದು. ಆದರೆ ೧೯೮೬–೮೭ರಲ್ಲಿ ಶಂಕರ್ ನಾಗ್ ಅವರ ನಿರ್ದೇಶನದ ‘ಮಾಲ್ಗುಡಿ ಡೇಸ್’ ಪ್ರಸಾರವಾದ ಮೇಲೆ ಲಕ್ಷಾಂತರ ಮನೆಗಳಿಗೆ ಕಾರ್ನಾಡರು ಮೊದಲು ಪರಿಚಿತರಾದುದು ಬಾಲಕ ಸ್ವಾಮಿಯ ತಂದೆಯಾಗಿ. ಅನಂತರ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಕಾರ್ಯಕ್ರಮದ ನಿರೂಪಕರಾಗಿಯೂ ಅವರು ಕಾಣಿಸಿಕೊಂಡರು. ನಾವೂ ಬಾಲ್ಯದಲ್ಲಿ ಮರುಪ್ರಸಾರದಲ್ಲಿ ಕಂಡದ್ದು ಆ ಕನ್ನಡಕದ, ಮಿತಭಾಷಿಯಾದ ತಂದೆಯನ್ನೇ. ನಾಟಕಕಾರರನ್ನು ಓದಿದುದು ಅದಾದ ಮೇಲೆ. ಕೆಲವು ವರ್ಷಗಳ ಹಿಂದೆ ಹವ್ಯಾಸಿ ತಂಡವೊಂದು ‘ತುಘಲಕ್’ ಆಡುವುದೆಂದು ತಿಳಿದು ನಮ್ಮ ಪದವಿತರಗತಿಯ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಲು ಮುಂದಾದಾಗ, ಅವರ ಪೈಕಿ ಒಬ್ಬಳು ಕೇಳಿದ ಮೊದಲ ಪ್ರಶ್ನೆ, “ಸ್ವಾಮಿಯ ಅಪ್ಪ ಬರೆದ ನಾಟಕವೇ, ಸರ್?” ಎಂದು.

ಆ ಪ್ರಶ್ನೆಯನ್ನು ಕೇಳಿ ನಾವು ನಕ್ಕೆವು. ಆದರೆ ಅದರಲ್ಲಿ ಗಮನಿಸತಕ್ಕ ವಿಷಯವಿದೆ. ಪರಿಚಿತವಾದ ಮುಖವು ಪ್ರೇಕ್ಷಕನಿಗೆ ಒಂದು ಭರವಸೆಯನ್ನು ಕೊಡುತ್ತದೆ. ಸ್ವಾಮಿಯ ತಂದೆ ಗದರಿದರೂ ನ್ಯಾಯವನ್ನೇ ಹೇಳುವವನು, ಆದುದರಿಂದ ಆತ ಬರೆದುದೂ ನಿಜವೇ ಇರಬೇಕೆಂಬ ನಂಬಿಕೆ ನಾಟಕಕ್ಕಿಂತ ಮುಂಚೆಯೇ ಸಭಾಂಗಣದೊಳಕ್ಕೆ ಬಂದು ಕುಳಿತಿರುತ್ತದೆ. ಐತಿಹಾಸಿಕ ನಾಟಕದಲ್ಲಿ ಈ ನಂಬಿಕೆ ಏನು ಮಾಡುತ್ತದೆಂಬುದನ್ನು ಮುಂದೆ ನೋಡೋಣ.

೩

ಮೊದಲು ಚರಿತ್ರೆಯ ಅಂಶಗಳನ್ನು ಸಂಗ್ರಹವಾಗಿ ಹೇಳುವುದು ಅವಶ್ಯ. ಮಹಮ್ಮದ್ ಬಿನ್ ತುಘಲಕನು ೧೩೨೫ರಿಂದ ೧೩೫೧ರವರೆಗೆ ಆಳಿದನು. ೧೩೨೭ರ ಸುಮಾರಿಗೆ ದೇವಗಿರಿಯನ್ನು ದೌಲತಾಬಾದೆಂಬ ಹೆಸರಿನಿಂದ ರಾಜಧಾನಿಯಾಗಿ ಮಾಡಲು ಹೊರಟನು. ಬೆಳ್ಳಿಯ ಟಂಕಕ್ಕೆ ಬದಲಾಗಿ ತಾಮ್ರ ಹಿತ್ತಾಳೆಗಳ ಸಂಕೇತನಾಣ್ಯವನ್ನು ಹೊರಡಿಸಿ, ಖೋಟಾನಾಣ್ಯದ ಪ್ರವಾಹವನ್ನು ತಡೆಯಲಾಗದೆ ಹಿಂದೆಗೆದುಕೊಂಡನು. ಕೊನೆಗೆ ಸಿಂಧಿನ ಥಟ್ಟಾದ ಬಳಿ ದಂಡಯಾತ್ರೆಯಲ್ಲಿರುವಾಗ ಮೃತನಾದನು. ಇವನ ಆಳ್ವಿಕೆಗೆ ಮುಖ್ಯವಾದ ಆಧಾರಗಳು ಮೂರು. ಮೊದಲನೆಯದು, ಹದಿನೇಳು ವರ್ಷಕ್ಕೂ ಮೇಲ್ಪಟ್ಟು ಸುಲ್ತಾನನ ಆಪ್ತವರ್ಗದಲ್ಲಿದ್ದ ಜಿಯಾಉದ್ದೀನ್ ಬರನಿಯು ಫಿರೋಜ್ ಷಹನ ಕಾಲದಲ್ಲಿ, ೧೩೫೭ರ ಸುಮಾರಿಗೆ ಮುಗಿಸಿದ ‘ತಾರೀಖ್-ಇ-ಫಿರೋಜ್ ಷಾಹಿ’. ಎರಡನೆಯದು, ಬಹಮನಿ ಆಸ್ಥಾನದ ಆಶ್ರಯದಲ್ಲಿ ಇಸಾಮಿಯು ೧೩೫೦ರಲ್ಲಿ ರಚಿಸಿದ ‘ಫುತೂಹ್-ಉಸ್-ಸಲಾತೀನ್’. ಮೂರನೆಯದು, ದೆಹಲಿಯಲ್ಲಿ ಖಾಜಿಯಾಗಿದ್ದು ಸ್ವದೇಶಕ್ಕೆ ಮರಳಿದ ಮೇಲೆ ಇಬ್ನ್ ಬತೂತನು ಹೇಳಿ ಬರೆಯಿಸಿದ ಪ್ರವಾಸಕಥನ.

ಈ ಮೂವರೂ ನಿರ್ಲಿಪ್ತ ಸಾಕ್ಷಿಗಳಲ್ಲ. ಬರನಿಯು ಗ್ರಂಥವನ್ನು ಬರೆದುದು ಆಸ್ಥಾನದ ಮನ್ನಣೆಯನ್ನು ಕಳೆದುಕೊಂಡು ಬಡತನದಲ್ಲಿದ್ದಾಗ. ಸುಲ್ತಾನನ ಕ್ರೌರ್ಯವನ್ನು ಕಂಡೂ ಬಾಯಿಬಿಡದೆ ಇದ್ದೆನೆಂಬ ಪಶ್ಚಾತ್ತಾಪವು ಅದರಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತದೆ. ಇಸಾಮಿಯ ಮುದಿತಾತನು ದೌಲತಾಬಾದಿನ ದಾರಿ ಹಿಡಿದು ಮೊದಲ ಘಟ್ಟದಲ್ಲೇ ಪ್ರಾಣಬಿಟ್ಟವನು. ಮೊಮ್ಮಗನ ಲೇಖನಿಯಲ್ಲಿ ಆ ನೋವು ಆರಿದುದೇ ಇಲ್ಲ. ಇಬ್ನ್ ಬತೂತನು ದೆಹಲಿಗೆ ಬಂದುದು ರಾಜಧಾನಿಯ ಸ್ಥಳಾಂತರವಾಗಿ ಕೆಲವು ವರ್ಷಗಳು ಕಳೆದ ಮೇಲೆ. ಕುಂಟನೊಬ್ಬನನ್ನೂ ಕುರುಡನೊಬ್ಬನನ್ನೂ ದಂಡಿಸಿದರೆಂದೂ, ಎಳೆದೊಯ್ದ ಕುರುಡನ ಕಾಲು ಮಾತ್ರ ದೌಲತಾಬಾದನ್ನು ಮುಟ್ಟಿತೆಂದೂ ಆತ ಹೇಳುವ ಪ್ರಸಿದ್ಧ ಕಥೆ ಊರಿನಲ್ಲಿ ಕೇಳಿದುದೇ ಹೊರತು ಕಂಡುದಲ್ಲ. ದೆಹಲಿ ಸಂಪೂರ್ಣವಾಗಿ ಬರಿದಾಯಿತೆಂಬುದನ್ನು ಈಚಿನ ಇತಿಹಾಸಕಾರರು ಒಪ್ಪುವುದಿಲ್ಲ. ಆ ವರ್ಷಗಳಲ್ಲೇ ದೆಹಲಿಯ ಪ್ರದೇಶದಲ್ಲಿ ಹೊರಟ ಸಂಸ್ಕೃತ ಶಾಸನಗಳು ಜನಜೀವನವು ನಡೆಯುತ್ತಿದ್ದುದನ್ನು ತಿಳಿಸುತ್ತವೆ. ಮೆಹದಿ ಹುಸೇನರು ೧೯೩೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಆಧಾರಗಳನ್ನು ಒರೆಗೆ ಹಚ್ಚಿ ‘ಹುಚ್ಚು ಸುಲ್ತಾನ’ ಎಂಬ ರೂಢಿಯ ಮಾತನ್ನು ಪ್ರಶ್ನಿಸಿದ್ದಾರೆ.

ಕನ್ನಡಿಗನಿಗೆ ಈ ಸುಲ್ತಾನನ ಪರಿಚಯ ಕಾರ್ನಾಡರಿಂದ ಮೊದಲಾದುದಲ್ಲ. ದೇವಗಿರಿಯು ಸೇವುಣರ ರಾಜಧಾನಿ; ಆ ಅರಸರ ಅನೇಕ ಶಾಸನಗಳು ಕನ್ನಡದಲ್ಲಿವೆ. ಬಂಡೆದ್ದ ಬಹಾಉದ್ದೀನ್ ಗುರ್ಶಾಸ್ಪನಿಗೆ ಆಶ್ರಯ ಕೊಟ್ಟ ಕಂಪಿಲಿಯ ರಾಜ್ಯವನ್ನು ತುಘಲಕನ ಸೈನ್ಯವು ನಾಶಮಾಡಿದುದು ೧೩೨೭ರ ಸುಮಾರಿಗೆ. ಕಂಪಿಲರಾಯನ ಮಗನಾದ ಕುಮಾರರಾಮನನ್ನು ನಂಜುಂಡ ಕವಿಯೇ ಮೊದಲಾದವರು ಸಾಂಗತ್ಯದಲ್ಲಿ ಹಾಡಿದರು. ಸೋತವರು ತಮ್ಮ ವೀರನನ್ನು ಹಾಡಿನಲ್ಲಿ ಉಳಿಸಿಕೊಂಡ ಆ ಕಾವ್ಯಗಳನ್ನು ದೆಹಲಿಯ ಆ ಆಳ್ವಿಕೆಗೆ ಕನ್ನಡನಾಡು ತೋರಿದ ಮೊದಲ ಪ್ರತಿಕ್ರಿಯೆಯೆಂದು ಎಣಿಸಬಹುದು. ಕಾರ್ನಾಡರ ನಾಟಕದಲ್ಲಿ ಕಂಪಿಲಿಯ ಪ್ರಸಂಗವು ರಂಗದ ಮೇಲೆ ಬರುವುದಿಲ್ಲ. ನಾಡಿನ ಅಭಿಮಾನವನ್ನು ಕೆರಳಿಸಿ ಚಪ್ಪಾಳೆ ಗಿಟ್ಟಿಸುವ ಸುಲಭದ ಹಾದಿ ಕಣ್ಣೆದುರಿಗಿದ್ದರೂ ನಾಟಕಕಾರರು ಅದನ್ನು ಹಿಡಿಯಲಿಲ್ಲವೆಂಬುದು ಗಮನಾರ್ಹ.

೪

ಇನ್ನು ನಾಟಕದ ಒಳಗಿನ ಏರ್ಪಾಡನ್ನು ನೋಡೋಣ. ಹದಿಮೂರು ದೃಶ್ಯಗಳ ಈ ನಾಟಕವು ೧೩೨೭ರ ದೆಹಲಿಯಲ್ಲಿ ಮೊದಲಾಗಿ, ಐದು ವರ್ಷಗಳ ಅನಂತರ ದೌಲತಾಬಾದಿನ ಕೋಟೆಯಲ್ಲಿ ಮುಗಿಯುತ್ತದೆ. ತೆರೆ ಸರಿದೊಡನೆ ಕಾಣುವವನು ಸುಲ್ತಾನನಲ್ಲ; ನ್ಯಾಯಾಲಯದ ಮುಂದೆ ನೆರೆದ ಜನಸಂದಣಿ. ಮುದುಕನೊಬ್ಬನಿಗೆ ಸುಲ್ತಾನನ ನಡತೆ ಅಧರ್ಮವೆಂದು ತೋರುತ್ತದೆ, ತರುಣನಿಗೆ ಅದೇ ಹೊಸಯುಗದ ಉದಯವೆಂದು ತೋರುತ್ತದೆ, ಹಿಂದೂವೊಬ್ಬನಿಗೆ ತನ್ನನ್ನು ಸಮಾನನೆಂದು ಕಾಣುವ ದೊರೆಯೇ ಹೆಚ್ಚು ಭಯಂಕರನೆಂದು ತೋರುತ್ತದೆ. ಎಂದರೆ, ಪ್ರೇಕ್ಷಕರು ಪ್ರತಿಕ್ರಿಯೆ ತೋರುವ ಮೊದಲೇ ರಂಗದ ಮೇಲಿನ ಪ್ರೇಕ್ಷಕರು ಪ್ರತಿಕ್ರಿಯೆ ತೋರಿಬಿಟ್ಟಿರುತ್ತಾರೆ. ಸಭೆಯಲ್ಲಿ ಕುಳಿತವನು ಈ ಮೂವರಲ್ಲಿ ಒಬ್ಬನ ಪಕ್ಷವನ್ನು ತಿಳಿದೋ ತಿಳಿಯದೆಯೋ ವಹಿಸಿಕೊಳ್ಳುತ್ತಾನೆ. ನಾಟಕದ ರಚನಾಕೌಶಲದಲ್ಲಿ ಇದೇ ಪ್ರಧಾನವಾದ ಅಂಶವೆಂದು ನಮ್ಮ ಅಭಿಪ್ರಾಯ.

ನಾವು ನೋಡಿದ ಪ್ರಯೋಗದಲ್ಲಿ ಸಭೆಯು ಅತಿಯಾಗಿ ನಕ್ಕುದು ಅಜೀಜ ಆಜಮರ ದೃಶ್ಯಗಳಲ್ಲಿ. ಅಜೀಜನು ಅಗಸ, ಬ್ರಾಹ್ಮಣನ ವೇಷದಲ್ಲಿ ಸುಲ್ತಾನನ ಮೇಲೆಯೇ ವ್ಯಾಜ್ಯ ಹೂಡಿ ಗೆಲ್ಲುತ್ತಾನೆ, ದೌಲತಾಬಾದಿನ ದಾರಿಯಲ್ಲಿ ಬಡವರನ್ನು ಸುಲಿಯುತ್ತಾನೆ, ಖೋಟಾನಾಣ್ಯಕ್ಕೂ ಕೈಹಾಕುತ್ತಾನೆ, ಕೊನೆಗೆ ಖಲೀಫನ ವಂಶದ ಘಿಯಾಸುದ್ದೀನನನ್ನು ಕೊಂದು ಅವನ ವೇಷದಲ್ಲಿ ಆಸ್ಥಾನವನ್ನೇ ಪ್ರವೇಶಿಸುತ್ತಾನೆ. ಕಂಪನಿ ನಾಟಕಗಳನ್ನು ಬಲ್ಲವರಿಗೆ ಈ ಜೋಡಿಯ ಮೂಲ ತಿಳಿಯದಿರದು. ಬೀದಿಯ ಪರದೆಯನ್ನು ಇಳಿಬಿಟ್ಟು ಅದರ ಮುಂದೆ ಹಾಸ್ಯಗಾರರನ್ನು ಆಡಿಸುವುದು, ಆ ಹೊತ್ತಿಗೆ ಹಿಂದೆ ದರ್ಬಾರಿನ ದೃಶ್ಯವನ್ನು ಸಜ್ಜುಗೊಳಿಸುವುದು ಪಾರ್ಸಿ ರಂಗಭೂಮಿಯಿಂದ ಬಂದ ಪದ್ಧತಿ. ತಾವು ಈ ಪದ್ಧತಿಯನ್ನೇ ಬಳಸಿಕೊಂಡುದಾಗಿಯೂ, ಬರೆಯುತ್ತ ಹೋದಂತೆ ಮುಂಭಾಗದ ಹಾಸ್ಯವನ್ನೂ ಹಿಂಭಾಗದ ಗಾಂಭೀರ್ಯವನ್ನೂ ಬೇರೆಬೇರೆಯಾಗಿ ಇಡುವುದು ಕಷ್ಟವಾಯಿತೆಂದೂ ಕಾರ್ನಾಡರು ಹೇಳಿದ್ದಾರೆ. ಪರದೆಯ ಮುಂದಿನ ಹಾಸ್ಯಗಾರನು ಪರದೆಯನ್ನು ದಾಟಿ ಸಿಂಹಾಸನದ ಬಳಿಗೆ ಬರುತ್ತಾನೆ. ಆಗ ಸಭೆಯ ನಗೆ ಕುಗ್ಗುತ್ತದೆ. ಮೊದಲ ದೃಶ್ಯದಿಂದ ಅಜೀಜನ ಚಾತುರ್ಯಕ್ಕೆ ನಕ್ಕವರು, ಅವನು ತನ್ನನ್ನು ಸುಲ್ತಾನನ ನಿಜವಾದ ಶಿಷ್ಯನೆಂದು ಸ್ಥಾಪಿಸಿಕೊಂಡು ಕ್ಷಮೆಯನ್ನೂ ಅಧಿಕಾರವನ್ನೂ ಪಡೆದಾಗ, ಇಷ್ಟು ಹೊತ್ತು ತಾವು ಯಾರ ಪಕ್ಷದಲ್ಲಿದ್ದೆವೆಂದು ಯೋಚಿಸಬೇಕಾಗುತ್ತದೆ. ಭರತನು ಹೇಳುವ ಅತಿಹಾಸವು ಇಲ್ಲಿ ಸಿದ್ಧಿಯಷ್ಟೇ ಅಲ್ಲ, ಪ್ರೇಕ್ಷಕನ ಮೇಲೆ ಹೊರಿಸಿದ ಒಂದು ಆರೋಪವೂ ಆಗಿದೆ.

ಮೌನದ ಸ್ಥಾನವೂ ಒಂದುಂಟು. ಪ್ರಾರ್ಥನೆಯ ವೇಳೆಯಲ್ಲಿ ತನ್ನನ್ನು ಕೊಲ್ಲಲು ಸಂಚು ಹೂಡಿದವರ ನಡುವೆ ಸುಲ್ತಾನನು ಶಿಹಾಬುದ್ದೀನನನ್ನು ತನ್ನ ಕೈಯಿಂದಲೇ ಇರಿಯುವ ದೃಶ್ಯವದು. ಅಲ್ಲಿ ಸಭೆ ಉಸಿರು ಬಿಗಿಹಿಡಿಯಿತು; ದೈವಿಕಸಿದ್ಧಿಯೆಂದರೆ ಇದೇ ಇರಬಹುದೆ ಎಂದು ನಮಗೆ ತೋರಿತು. ಆದರೆ ನಮ್ಮ ಹಿಂದಿನ ಸಾಲಿನ ಒಬ್ಬರು ಪಕ್ಕದವರಿಗೆ ಪಿಸುಗುಟ್ಟಿದ ಮಾತೂ ಕಿವಿಗೆ ಬಿತ್ತು: “ಇವರೆಲ್ಲ ಹೀಗೇ.” ಅದೊಂದು ಮಾತಿನಿಂದ ಆ ಮೌನಕ್ಕೆ ಬೇರೊಂದು ಅರ್ಥ ಬಂದುಬಿಟ್ಟಿತು. ಒಬ್ಬ ಸುಲ್ತಾನನ ಅಂತರಂಗದ ಒಡಕನ್ನು ತೋರಿಸಹೊರಟ ದೃಶ್ಯವನ್ನು ಇಡೀ ಒಂದು ಸಮುದಾಯದ ಮೇಲಿನ ತೀರ್ಪನ್ನಾಗಿ ಆ ಪ್ರೇಕ್ಷಕರು ಮನೆಗೆ ಕೊಂಡೊಯ್ದರು. ನಾಟಕದಲ್ಲಿ ಸುಲ್ತಾನನಿಂದ ಹತರಾಗುವವರು, ಅವನನ್ನು ಎದುರಿಸುವವರು, ಅವನಿಗಾಗಿ ಮರುಗುವವರು ಬಹುತೇಕ ಅವನ ಸಮುದಾಯದವರೇ. ಧರ್ಮನಿಷ್ಠನಾದ ಷೇಖ್ ಇಮಾಮುದ್ದೀನನೇ ಅವನ ಅತ್ಯಂತ ಧೀರನಾದ ವಿಮರ್ಶಕ. ಇಷ್ಟು ಸ್ಪಷ್ಟವಾಗಿರುವುದನ್ನು ಕಾಣದಂತೆ ಮಾಡಬಲ್ಲ ಪೂರ್ವಗ್ರಹವು ನಾಟಕದಿಂದ ಹುಟ್ಟಿದುದಲ್ಲ. ಆದರೆ ಅದನ್ನು ನಾಟಕವು ನಿವಾರಿಸಲಿಲ್ಲವೆಂಬುದೂ ನಿಜ.

೫

‘ತುಘಲಕ್’ ಪಡೆದ ಪ್ರತಿಕ್ರಿಯೆಗಳಲ್ಲಿ ಅತ್ಯಂತ ವ್ಯಾಪಕವಾದುದು ಸಮಕಾಲೀನ ರಾಜಕೀಯದೊಡನೆ ಮಾಡುವ ಹೋಲಿಕೆ. ನಾಟಕವು ಪ್ರಕಟವಾದ ವರ್ಷವೇ, ೧೯೬೪ರ ಮೇ ೨೭ರಂದು, ಜವಾಹರಲಾಲ ನೆಹರೂ ಅವರು ತೀರಿಕೊಂಡರು. ಆದರ್ಶಗಳಿಂದ ಆರಂಭವಾಗಿ ಭ್ರಮನಿರಸನದಲ್ಲಿ ಮುಗಿಯುವ ಈ ಕಥೆಯಲ್ಲಿ ಜನರು ನೆಹರೂ ಯುಗವನ್ನು ಕಂಡರು. ೧೯೭೨ರಲ್ಲಿ ಹೊರಬಂದ ಇಂಗ್ಲಿಷ್ ಅನುವಾದದ ಮುನ್ನುಡಿಯಲ್ಲಿ ಯು. ಆರ್. ಅನಂತಮೂರ್ತಿಯವರು ಈ ಅರ್ಥವನ್ನು ಪ್ರತಿಪಾದಿಸಿದರು. ಆದರೆ ನಾಟಕವು ಅಷ್ಟಕ್ಕೇ ಮುಗಿಯುವುದಿಲ್ಲವೆಂದೂ ತೋರಿಸಿದರು. ಕಾರ್ನಾಡರೂ ಆ ಸಾದೃಶ್ಯವನ್ನು ಅಲ್ಲಗಳೆಯಲಿಲ್ಲ.

ಅನಂತರದ ಇತಿಹಾಸವು ಈ ಹೋಲಿಕೆಯ ಸ್ವರೂಪವನ್ನು ಬಯಲುಮಾಡಿದೆ. ಬೆಂಗಳೂರಿನಲ್ಲಿ ಸಿ. ಆರ್. ಸಿಂಹ ಅವರು ಸುಲ್ತಾನನ ಪಾತ್ರದಿಂದ ಹೆಸರಾದರು. ೧೯೭೦ರಲ್ಲಿ ಮುಂಬಯಿಯಲ್ಲಿ ಅಲಿಕ್ ಪದಮಸೀಯವರು ನಾಟಕವನ್ನು ಇಂಗ್ಲಿಷಿನಲ್ಲಿ ಆಡಿಸಿದರು. ಇಬ್ರಾಹಿಂ ಅಲ್ಕಾಜಿಯವರು ೧೯೭೦ರ ದಶಕದಲ್ಲಿ ದೆಹಲಿಯ ಪುರಾನಾ ಕಿಲಾದ ಪಾಳುಗೋಡೆಗಳ ನಡುವೆ ಅದನ್ನು ಪ್ರಯೋಗಿಸಿದರು. ಅಲ್ಲಿ ಮನೋಹರ ಸಿಂಗ್ ಅವರ ಸುಲ್ತಾನನ ಪಾತ್ರ ಹೆಸರುವಾಸಿಯಾಯಿತು. ಪುರಾನಾ ಕಿಲಾ ಹದಿನಾರನೆಯ ಶತಮಾನದ ಹುಮಾಯೂನ್ ಮತ್ತು ಶೇರ್ ಷಾಹರ ಕಾಲದ್ದು. ಹದಿನಾಲ್ಕನೆಯ ಶತಮಾನದ ತುಘಲಕನಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಪ್ರೇಕ್ಷಕರಿಗೆ ಅದು ಅಡ್ಡಿಯಾಗಲಿಲ್ಲ. ಚರಿತ್ರೆಯ ಅಧ್ಯಾಪಕನ ಕಣ್ಣಿಗೆ ಕುಕ್ಕುವ ಕಾಲವ್ಯತ್ಯಾಸವನ್ನು ರಂಗವು ಎಷ್ಟು ಸುಲಭವಾಗಿ ನುಂಗಿಕೊಳ್ಳುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇದೇ ಕಾಲದಲ್ಲಿ ಮದರಾಸಿನಲ್ಲಿ ಇನ್ನೊಬ್ಬ ನಟ ಅದೇ ಸುಲ್ತಾನನನ್ನು ರಂಗಕ್ಕೆ ತಂದುದನ್ನು ಹೋಲಿಕೆಗಾಗಿ ನೆನೆಯಬೇಕು. ಚೋ ರಾಮಸ್ವಾಮಿಯವರ ತಮಿಳು ನಾಟಕ ‘ಮಹಮ್ಮದ್ ಬಿನ್ ತುಘಲಕ್’ ೧೯೬೮ರದು. ೧೯೭೧ರಲ್ಲಿ ಅದು ಚಲನಚಿತ್ರವೂ ಆಯಿತು. ೧೯೭೦ರ ಜನವರಿಯಲ್ಲಿ ಅವರು ಆರಂಭಿಸಿದ ಪತ್ರಿಕೆಗೂ ಅದೇ ಹೆಸರು. ಅಲ್ಲಿ ಸುಲ್ತಾನನು ಇಪ್ಪತ್ತನೆಯ ಶತಮಾನದಲ್ಲಿ ಪ್ರತ್ಯಕ್ಷನಾಗಿ ಚುನಾವಣೆಗೆ ನಿಂತು ಪ್ರಧಾನಿಯೇ ಆಗುತ್ತಾನೆ. ಚೋ ಅವರ ಪ್ರೇಕ್ಷಕನು ನಗುವುದಕ್ಕೆಂದೇ ಬಂದವನು, ನಕ್ಕು ಹಗುರಾಗಿ ಹೋಗುತ್ತಾನೆ. ಅಲ್ಲಿ ತುಘಲಕನೆಂಬುದು ಅವಿವೇಕಕ್ಕೆ ಇಟ್ಟ ಹೆಸರು. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದನೆ ಎಂಬ ಪ್ರಶ್ನೆ ಹುಟ್ಟುವುದಿಲ್ಲ, ಹುಟ್ಟಬೇಕಾಗಿಯೂ ಇಲ್ಲ. ಕಾರ್ನಾಡರ ನಾಟಕವು ಆ ರೂಢಿಯ ಹೆಸರಿನಿಂದ ಮನುಷ್ಯನನ್ನು ಬಿಡಿಸಿ ತೋರಿಸಲು ಹೊರಟಿತು. ಚದುರಂಗದ ಕಠಿನಸಮಸ್ಯೆಯನ್ನು ಬಿಡಿಸುವ, ಗುಲಾಬಿಯ ತೋಟವನ್ನು ಕನಸುವ, ನಿದ್ರೆಯಿಲ್ಲದೆ ಒದ್ದಾಡುವ ಸುಲ್ತಾನನನ್ನು ಅದು ನಮ್ಮ ಮುಂದೆ ನಿಲ್ಲಿಸಿತು.

ಹೀಗಿದ್ದೂ ಪ್ರೇಕ್ಷಕಸಮುದಾಯವು ಈ ನಾಟಕವನ್ನು ಮತ್ತೆ ಮತ್ತೆ ಬಿರುದುಕೊಡುವ ಸಾಧನವನ್ನಾಗಿ ಮಾಡಿಕೊಂಡಿದೆ. ನಮ್ಮ ಪತ್ರಿಕೆಗಳಲ್ಲಿ ‘ತುಘಲಕ್ ದರ್ಬಾರು’ ಎಂಬುದು ರೂಢಿಯ ಮಾತು. ೨೦೧೬ರ ನವೆಂಬರ್ ೮ರಂದು ದೊಡ್ಡ ಮುಖಬೆಲೆಯ ನೋಟುಗಳನ್ನು ರದ್ದುಪಡಿಸಿದಾಗ ದೇಶದ ನಾನಾ ಕಡೆ ಟೀಕಾಕಾರರ ಬಾಯಲ್ಲಿ ಬಂದುದು ಈ ಸುಲ್ತಾನನ ಹೆಸರೇ. ಆ ಕ್ರಮದ ಗುಣದೋಷಗಳು ನಮ್ಮ ಪ್ರಸ್ತುತ ವಿಷಯವಲ್ಲ. ಆದರೆ ಹೋಲಿಕೆಯಾಗಿ ನೋಡಿದರೆ, ತುಘಲಕನು ಹೊಸ ನಾಣ್ಯವನ್ನು ಚಲಾವಣೆಗೆ ತಂದು ಸೋತವನು. ಸೋತ ಮೇಲೆ ಜನರು ತಂದ ತಾಮ್ರದ ನಾಣ್ಯಗಳಿಗೆ ಖಜಾನೆಯಿಂದ ಬೆಳ್ಳಿ ಬಂಗಾರ ಕೊಡಿಸಿದವನು. ಹಿಂದಕ್ಕೆ ಬಂದ ನಾಣ್ಯಗಳು ತುಘಲಕಾಬಾದಿನಲ್ಲಿ ಗುಡ್ಡಗಳಂತೆ ಬಿದ್ದಿದ್ದುವೆಂದು ಬರನಿ ಹೇಳುತ್ತಾನೆ. ನಾಟಕದಲ್ಲಿ ಆ ರಾಶಿಯು ಸುಲ್ತಾನನ ಗುಲಾಬಿ ತೋಟಕ್ಕೇ ಬಂದು ಬೀಳುತ್ತದೆ. ಪಕ್ಷ ಯಾವುದೇ ಇರಲಿ, ಹೆಸರು ಕೂಗಿದೊಡನೆ ವಿಚಾರ ಮುಗಿಯಿತೆಂದು ತಿಳಿಯುವ ಪ್ರತಿಕ್ರಿಯೆ ನಾಟಕಕ್ಕೂ ಚರಿತ್ರೆಗೂ ಸಮವಾಗಿ ಅನ್ಯಾಯ ಮಾಡುತ್ತದೆ. ಇಂದಿನ ಯಾರನ್ನೋ ತುಘಲಕನೆಂದು ಗುರುತಿಸಿದ ತೃಪ್ತಿಯಲ್ಲಿ, ಅಜೀಜನು ಯಾರು, ನಕ್ಕವರು ಯಾರು ಎಂಬ ಪ್ರಶ್ನೆಗಳು ಮರೆತುಹೋಗುತ್ತವೆ.

೬

ಇಷ್ಟು ಹೇಳಿದ ಮೇಲೆ ನಮ್ಮ ಸ್ವಂತ ತಪ್ಪೊಂದನ್ನು ಹೇಳದಿದ್ದರೆ ಈ ಲೇಖನವು ಅಪ್ರಾಮಾಣಿಕವಾದೀತು. ಮೇಲೆ ಹೇಳಿದ ಪ್ರಯೋಗವನ್ನು ನೋಡಿ ಬಂದ ತಿಂಗಳಲ್ಲಿ ನಾವು ನಡೆಸಿದ ಕಿರುಪರೀಕ್ಷೆಯಲ್ಲಿ, ಮಹಮ್ಮದ್ ಬಿನ್ ತುಘಲಕನ ಸಿಂಹಾಸನಾರೋಹಣವನ್ನು ವಿವರಿಸಿ ಎಂಬ ಪ್ರಶ್ನೆಗೆ ಒಬ್ಬ ವಿದ್ಯಾರ್ಥಿಯು, ಸುಲ್ತಾನನು ಪ್ರಾರ್ಥನೆಯ ವೇಳೆಯಲ್ಲಿ ತಂದೆಯನ್ನು ಕೊಲ್ಲಿಸಿದನೆಂದು ಬರೆದಿದ್ದನು. ಇದು ನಾಟಕದಿಂದ ಎತ್ತಿದ ಮಾತೆಂದು ನಮಗೆ ಕೂಡಲೇ ತಿಳಿಯಿತು. ಸ್ವಾಮಿಯ ಅಪ್ಪನ ಮಾತನ್ನು ಪ್ರಮಾಣವೆಂದು ನಂಬಿದ್ದಾನೆಂದು ಭಾವಿಸಿ, ಉತ್ತರಕ್ಕೆ ಸೊನ್ನೆ ಹಾಕಿ, ಅಂಚಿನಲ್ಲಿ ‘ನಾಟಕ ಚರಿತ್ರೆಯಲ್ಲ’ ಎಂದು ಕೆಂಪು ಮಸಿಯಲ್ಲಿ ಬರೆದೆವು. ಘಿಯಾಸುದ್ದೀನ್ ತುಘಲಕನು ೧೩೨೫ರಲ್ಲಿ ಅಫ್ಘಾನ್‌ಪುರದ ಬಳಿ ಮರದ ಮಂಟಪ ಕುಸಿದು ಸತ್ತನು, ಸಿಡಿಲು ಕಾರಣವೆಂದು ಬರನಿ ಹೇಳಿದ್ದಾನೆ ಎಂದು ತರಗತಿಯಲ್ಲಿ ತಿದ್ದಿದೆವು.

ಆ ವಿದ್ಯಾರ್ಥಿ ಎದ್ದುನಿಂತು ವಿನಯದಿಂದಲೇ ಕೇಳಿದನು: “ಬರನಿಯೂ ಸುಲ್ತಾನ ತೀರಿಕೊಂಡ ಮೇಲೆ ತಾನೇ ಬರೆದದ್ದು, ಸರ್? ಅವನು ಹೇಳಿದ್ದಕ್ಕೆ ಅಂಕ ಉಂಟು, ಇದಕ್ಕೆ ಯಾಕಿಲ್ಲ?”

ನಾವು ಆಗ ಏನೋ ಒಂದು ಸಮಾಧಾನ ಹೇಳಿ ಮುಂದಿನ ಪಾಠಕ್ಕೆ ಹೋದೆವು. ಆ ರಾತ್ರಿ ಆಧಾರಗಳನ್ನು ತಿರುಗಿ ನೋಡಿದಾಗ ನಮ್ಮ ಆತುರ ಗೊತ್ತಾಯಿತು. ಮಂಟಪದ ಪತನವು ಮಗನ ಸಂಚೆಂದು ಇಬ್ನ್ ಬತೂತನು ಸ್ಪಷ್ಟವಾಗಿ ಹೇಳುತ್ತಾನೆ. ಅಷ್ಟೇ ಅಲ್ಲ, ಅಲ್ಲಿದ್ದ ಷೇಖ್ ರುಕ್ನುದ್ದೀನರನ್ನು ಅಪರಾಹ್ಣದ ಪ್ರಾರ್ಥನೆಯ ಹೊತ್ತಾಯಿತೆಂದು ರಾಜಕುಮಾರನು ಕೆಳಗೆ ಕರೆದನೆಂದೂ, ಅದಾದೊಡನೆ ಮಂಟಪವು ಕುಸಿದು ಘಿಯಾಸುದ್ದೀನನೂ ಅವನ ಕಿರಿಯ ಮಗನೂ ಸತ್ತರೆಂದೂ ಷೇಖರಿಂದಲೇ ಕೇಳಿದುದಾಗಿ ಆತ ಬರೆಯಿಸಿದ್ದಾನೆ. ಪ್ರಾರ್ಥನೆಯ ವೇಳೆ ಎಂಬ ಅಂಶವು ನಾಟಕಕಾರರ ಬರಿಯ ಕಲ್ಪನೆಯಲ್ಲ. ಅದಕ್ಕೆ ಹದಿನಾಲ್ಕನೆಯ ಶತಮಾನದ ಬೇರುಂಟು. ಆ ಒಂದು ಎಳೆಯನ್ನು ಹಿಡಿದು ಕಾರ್ನಾಡರು ಪ್ರಾರ್ಥನೆಯನ್ನೇ ನಾಟಕದ ಪ್ರಧಾನಸಂಕೇತವಾಗಿ ಬೆಳೆಸಿದರು. ಅದು ಕೊಲೆಯೆಂದು ಸಿದ್ಧವಾಗಿದೆಯೆಂದು ನಾವು ಹೇಳುತ್ತಿಲ್ಲ. ಇತಿಹಾಸಕಾರರಲ್ಲಿ ಇಂದಿಗೂ ಆ ವಿಷಯದಲ್ಲಿ ಒಮ್ಮತವಿಲ್ಲ. ಆದರೆ ವಿದ್ಯಾರ್ಥಿಯ ಉತ್ತರವು ಸೊನ್ನೆಗೆ ಅರ್ಹವಾಗಿರಲಿಲ್ಲ. ಮರುದಿನ ತರಗತಿಯಲ್ಲಿ ಇದನ್ನು ಒಪ್ಪಿಕೊಂಡು ಅಂಕವನ್ನು ತಿದ್ದಿದೆವು. ಆ ಹುಡುಗನ ಮುಖದಲ್ಲಿ ಗೆದ್ದ ಹಿಗ್ಗೇನೂ ಕಾಣಲಿಲ್ಲ. ಇಬ್ನ್ ಬತೂತನ ಪುಸ್ತಕವು ಗ್ರಂಥಾಲಯದಲ್ಲಿದೆಯೆ ಎಂದಷ್ಟೇ ಕೇಳಿದನು.

ಈ ಪ್ರಸಂಗದಿಂದ ನಾವು ಕಲಿತುದನ್ನು ಹೀಗೆ ಹೇಳಬಹುದು. ಬರನಿ, ಇಸಾಮಿ, ಇಬ್ನ್ ಬತೂತ ಈ ಮೂವರೂ ಒಂದು ಅರ್ಥದಲ್ಲಿ ಪ್ರೇಕ್ಷಕರೇ. ಆ ಆಳ್ವಿಕೆಯೆಂಬ ಪ್ರಯೋಗವನ್ನು ಒಬ್ಬನು ಹತ್ತಿರದ ಆಸನದಿಂದ, ಒಬ್ಬನು ಮನೆತನದ ದುಃಖದಿಂದ, ಒಬ್ಬನು ಪರದೇಶಿಯ ಕುತೂಹಲದಿಂದ ನೋಡಿದರು. ಅವರ ಗ್ರಂಥಗಳು ಆ ನೋಟದ ಪ್ರತಿಕ್ರಿಯೆಗಳು. ಭರತನ ಪಟ್ಟಿಯಲ್ಲಿ ಇತಿಹಾಸಕಾರನಿಗೆ ಆಸನವಿಲ್ಲದಿದ್ದರೂ ರಾಜಸೇವಕನಿಗೆ ಉಂಟಷ್ಟೆ. ರಾಜಸೇವಕನಾದ ಬರನಿಯೇ ನಮಗೆ ಮುಖ್ಯ ಇತಿಹಾಸಕಾರ. ಕಾರ್ನಾಡರು ಅವನನ್ನು ಪಾತ್ರವಾಗಿ ರಂಗಕ್ಕೆ ತಂದುದು ಕೇವಲ ಅಲಂಕಾರಕ್ಕಲ್ಲವೆಂಬುದು ಇಲ್ಲಿ ತಿಳಿಯುತ್ತದೆ. ಸುಲ್ತಾನನನ್ನು ಮೆಚ್ಚುತ್ತ, ಹೆದರುತ್ತ, ಕೊನೆಗೆ ತಾಯಿಯ ಮರಣವಾರ್ತೆ ಬಂದಾಗ ಅವನನ್ನು ಬಿಟ್ಟುಹೋಗುವ ಬರನಿಯು ಪ್ರೇಕ್ಷಕನ ಪ್ರತಿನಿಧಿ. ಅವನು ಹೋದ ಮೇಲೆ ಸುಲ್ತಾನನು ಸಿಂಹಾಸನದಲ್ಲಿ ನಿದ್ರೆಹೋಗುತ್ತಾನೆ, ಪ್ರಾರ್ಥನೆಯ ಕರೆ ಕೇಳಿಬರುತ್ತದೆ. ರಂಗದ ಮೇಲಿನ ಸಾಕ್ಷಿ ಹೊರಟುಹೋದುದರಿಂದ ಸಾಕ್ಷ್ಯದ ಹೊಣೆ ಸಭೆಯಲ್ಲಿ ಕುಳಿತವರ ಮೇಲೆ ಬೀಳುತ್ತದೆ. ಹಿಂದಿನ ಸಾಲಿನ ಆ ಪಿಸುಮಾತಿನವರೂ ಆ ವಿದ್ಯಾರ್ಥಿಯೂ ಆ ಹೊಣೆಯನ್ನು ತಮತಮಗೆ ತಿಳಿದಂತೆ ಹೊತ್ತರು. ಇಬ್ಬರಲ್ಲಿ ಭೇದವೆಂದರೆ, ಒಬ್ಬರು ತೀರ್ಪನ್ನು ಮನೆಯಿಂದಲೇ ತಂದಿದ್ದರು. ಇನ್ನೊಬ್ಬನು ನಾಟಕದಿಂದ ಹೊರಟು ಆಧಾರದ ಕಡೆಗೆ ನಡೆದನು.

೭

ಈ ವಿಮರ್ಶೆಯಿಂದ ನಿಷ್ಪನ್ನವಾಗುವ ಸಂಗತಿಗಳನ್ನು ಸಂಗ್ರಹಿಸಿ ಮುಗಿಸುತ್ತೇವೆ. ಮೊದಲನೆಯದಾಗಿ, ನಾಟಕಕಾರನು ಬೇರೊಂದು ಮಾಧ್ಯಮದಲ್ಲಿ ಗಳಿಸಿದ ಪರಿಚಯವು ಪ್ರೇಕ್ಷಕನ ಪ್ರತಿಕ್ರಿಯೆಯ ಮೇಲೆ ಪ್ರಭಾವ ಬೀರುತ್ತದೆ. ಆದರೆ ಆ ಪ್ರಭಾವವು ಸಭಾಂಗಣದ ಬಾಗಿಲವರೆಗೆ ಪ್ರಬಲ, ಒಳಗೆ ನಾಟಕದ ಬಲವೇ ನಿರ್ಣಾಯಕ. ಸ್ವಾಮಿಯ ಅಪ್ಪನನ್ನು ಹುಡುಕಿಕೊಂಡು ಬಂದ ವಿದ್ಯಾರ್ಥಿನಿ, ನಾಟಕ ಮುಗಿದ ಮೇಲೆ ಅವರ ವಿಷಯವನ್ನೇ ಎತ್ತಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ವಾದಿಸುತ್ತಿದ್ದುದು ಅಜೀಜನನ್ನು ಕ್ಷಮಿಸಿದುದು ಸರಿಯೆ ಎಂಬುದನ್ನು ಕುರಿತು. ಎರಡನೆಯದಾಗಿ, ‘ತುಘಲಕ್’ ನಾಟಕವನ್ನು ಇಂಥ ಆಳುವವನ ಚಿತ್ರವೆಂದು ಒಂದೇ ಮಾತಿನಲ್ಲಿ ಗುರುತಿಸುವ ಪ್ರತಿಕ್ರಿಯೆ ಪ್ರತಿ ತಲೆಮಾರಿನಲ್ಲೂ ಹುಟ್ಟುತ್ತದೆ, ಆಳುವವರು ಬದಲಾದಾಗ ಹಳತಾಗುತ್ತದೆ. ಹೀಗೆ ಬದಲಾಗುತ್ತಿರುವುದೇ ಅದು ನಾಟಕದ ಪೂರ್ಣಾರ್ಥವಲ್ಲವೆಂಬುದಕ್ಕೆ ಪ್ರಮಾಣ. ಮೂರನೆಯದಾಗಿ, ನಾಟಕವು ಕೆಲವು ಪೂರ್ವಗ್ರಹಗಳನ್ನು ಕದಲಿಸಲಾರದೆ ಹೋಗಿರುವುದನ್ನೂ ಒಪ್ಪಬೇಕು. ಅದನ್ನು ಕೃತಿಯ ದೋಷವೆನ್ನುವುದಕ್ಕಿಂತ ನಮ್ಮ ತರಗತಿಗಳಲ್ಲಿ ಆಗಬೇಕಾಗಿದ್ದು ಆಗದೆ ಉಳಿದ ಕೆಲಸವೆನ್ನುವುದು ನ್ಯಾಯ.

ಕೊನೆಯದಾಗಿ ಅಧ್ಯಾಪಕಮಿತ್ರರಲ್ಲಿ ಒಂದು ಸೂಚನೆ. ಕಾಲೇಜುಗಳಲ್ಲಿ ಐತಿಹಾಸಿಕ ನಾಟಕಗಳನ್ನು ಆಡುವಾಗ ಪಾತ್ರಧಾರಿಗಳ ಹೆಸರನ್ನು ಬರೆದಿಡುವಂತೆಯೇ, ಸಭೆಯು ಎಲ್ಲೆಲ್ಲಿ ನಕ್ಕಿತು, ಎಲ್ಲೆಲ್ಲಿ ಸುಮ್ಮನಾಯಿತು, ಮರುದಿನ ತರಗತಿಯಲ್ಲಿ ವಿದ್ಯಾರ್ಥಿಗಳು ಏನು ಕೇಳಿದರು ಎಂಬುದನ್ನೂ ದಿನಾಂಕದೊಡನೆ ಬರೆದಿಡುವುದು ಒಳ್ಳೆಯದು. ಇದಕ್ಕೆ ಒಂದು ದಫ್ತರು ಸಾಕು, ಬೇರೆ ಖರ್ಚಿಲ್ಲ. ಐವತ್ತು ವರ್ಷಗಳ ಅನಂತರ ನಮ್ಮ ಕಾಲವನ್ನು ಕುರಿತು ಬರೆಯುವ ಇತಿಹಾಸಕಾರನಿಗೆ ಆ ದಫ್ತರಿನಿಂದ ಆಗುವ ಉಪಕಾರವು ನಮ್ಮ ಅನೇಕ ಪ್ರಬಂಧಗಳಿಂದ ಆಗಲಾರದೆಂದು ನಾವು ನಂಬಿದ್ದೇವೆ. ನಮ್ಮ ವಿಭಾಗದಲ್ಲಿ ಈ ವರ್ಷದಿಂದ ಅಂಥ ದಫ್ತರೊಂದನ್ನು ಇಟ್ಟಿದ್ದೇವೆ. ಅದರ ಮೊದಲ ಪುಟದಲ್ಲಿರುವುದು ಆ ವಿದ್ಯಾರ್ಥಿಯ ಪ್ರಶ್ನೆ.